ಊರಿಗೂ ಪಾಲು ಸಿಗಲಿ

ಮಾನ್ಯ ಸಂಪಾದಕರೆ,

ಉದ್ಯೋಗ ಸೃಷ್ಟಿಸುವ, ಸ್ಥಳೀಯ ಸಂಸ್ಕೃತಿ ಮತ್ತು ಉತ್ಪನ್ನಗಳನ್ನು ಉತ್ತೇಜಿಸುವ ಸುಸ್ಥಿರ ಪ್ರವಾಸೋದ್ಯಮಕ್ಕೆ 2030ರೊಳಗೆ ನೀತಿ ರೂಪಿಸಿ ಜಾರಿಗೊಳಿಸಬೇಕೆಂಬುದು ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳ ಅಡಿಯ ಉಪಗುರಿಗಳಲ್ಲಿ ಒಂದು. ಹೋಟೆಲ್‌ಗಳ ಮಟ್ಟಿಗೆ ಈ ಮಾತಿನ ಪರೀಕ್ಷೆ ನಡೆಯುವುದು ಅವುಗಳ ಖರೀದಿ ಲೆಕ್ಕದಲ್ಲಿ. ತರಕಾರಿಯಿಂದ ಹಿಡಿದು ಹಾಸಿಗೆಯ ಹೊದಿಕೆಯವರೆಗೆ ಎಲ್ಲವೂ ದೂರದಿಂದ ಬಂದರೆ ಪ್ರವಾಸಿಗರ ಹಣ ಊರಿನಲ್ಲಿ ನಿಲ್ಲದೆ ಹೊರಗೆ ಹರಿದುಹೋಗುತ್ತದೆ. ಸುತ್ತಲಿನ ರೈತರು, ನೇಕಾರರಿಂದ ಕೊಂಡರೆ ಅದೇ ಹಣ ಹಲವು ಮನೆಗಳನ್ನು ತಲುಪುತ್ತದೆ.

ಕಲೆಯ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು. ರಾತ್ರಿಯಿಡೀ ನಡೆಯುವ ಪ್ರದರ್ಶನವನ್ನು ಹತ್ತು ನಿಮಿಷಕ್ಕೆ ಕತ್ತರಿಸಿ, ತಟ್ಟೆ–ಚಮಚಗಳ ಸದ್ದಿನ ನಡುವೆ ಕಲಾವಿದರನ್ನು ಕುಣಿಸುವುದು ಸಂಸ್ಕೃತಿಗೆ ನೀಡುವ ಬೆಂಬಲವಲ್ಲ, ಅದು ನೋಯಿಸುವ ಸಂಗತಿ. ಎಲ್ಲಿ, ಎಷ್ಟು ಹೊತ್ತು, ಯಾವ ಸಂಭಾವನೆಗೆ ಎಂಬುದನ್ನು ಕಲಾವಿದರೇ ನಿರ್ಧರಿಸುವಂತಾಗಬೇಕು. ಕೊಠಡಿಯಲ್ಲಿಟ್ಟ ಬಿದಿರಿನ ಬುಟ್ಟಿಯ ಪಕ್ಕದಲ್ಲಿ, ಹೆಣೆದವರ ಒಪ್ಪಿಗೆ ಪಡೆದು ಅವರ ಹೆಸರು ಬರೆದ ಪುಟ್ಟ ಚೀಟಿ ಇಟ್ಟರೆ ಅತಿಥಿಗಳು ನೇರವಾಗಿ ಅವರಿಂದಲೇ ಕೊಳ್ಳಬಹುದು.

ಸ್ಥಳೀಯ ಯುವಜನರನ್ನು ಕಾವಲು, ಸ್ವಚ್ಛತೆಯ ಕೆಲಸಕ್ಕಷ್ಟೇ ಸೀಮಿತಗೊಳಿಸದೆ, ತರಬೇತಿ ನೀಡಿ ವ್ಯವಸ್ಥಾಪಕರ ಹುದ್ದೆಯವರೆಗೂ ಬೆಳೆಸಬೇಕು. ಪರವಾನಗಿ ನವೀಕರಣದ ವೇಳೆ ಸ್ಥಳೀಯ ಖರೀದಿ ಮತ್ತು ನೇಮಕಾತಿಯ ವಿವರಗಳನ್ನು ಹೋಟೆಲ್‌ಗಳಿಂದ ಕೇಳುವ ಪದ್ಧತಿಯನ್ನು ಆಡಳಿತಗಳು ಜಾರಿಗೆ ತರಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ