ಹುಚ್ಚೆಳ್ಳು ಹೊಲದ ಬದುವಿನಲ್ಲಿ ಸಿಕ್ಕ ಅಜ್ಜನಿಗೆ

ಅಕ್ಟೋಬರ್ ಕೊನೆಯ ಭಾನುವಾರ, ದೊಡ್ಡಬಳ್ಳಾಪುರದ ಕಡೆ ಫೋಟೋ ತೆಗೆಯಲು ಹೋಗಿದ್ದೆ. ಮಳೆ ಹಿಂದೆ ಸರಿದು, ರಾಗಿ ತೆನೆ ಬಾಗುವ ಕಾಲ. ರಾಗಿಯ ನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿತ್ತು. ಬೆಳಗಿನ ಎಳೆಬಿಸಿಲಿಗೆ ಇಬ್ಬನಿ ಹೊಳೆಯುತ್ತಿತ್ತು. ಇದಕ್ಕಾಗಿ ವರ್ಷವಿಡೀ ಕಾಯುತ್ತೇನೆ.

ಕಾರ್ಡ್ ಬದಲಿಸುವಾಗ ತುಂಬಿದ್ದ ಮೆಮೊರಿ ಕಾರ್ಡ್ ಕೈಜಾರಿ ಬದುವಿನ ಹುಲ್ಲಿಗೆ ಬಿತ್ತು. ಉಗುರಿನಷ್ಟಿದ್ದದ್ದು, ಅದೂ ಕಪ್ಪು ಬಣ್ಣ. ಹಿಂದಿನ ವಾರ ಊರಿನಲ್ಲಿ ತೆಗೆದ ಅಮ್ಮನ ಫೋಟೋಗಳೂ ಅದರಲ್ಲೇ ಇದ್ದವು. ಅರ್ಧ ಗಂಟೆ ಹುಡುಕಿ ಅಳು ಬಂತು.

ಕುರಿ ಮೇಯಿಸುತ್ತಿದ್ದ ಅಜ್ಜ ಬಂದರು. "ಅಲ್ಲೇ ನಿಂತ್ಕೊ ಮಗ, ತುಳೀಬೇಡ" ಎಂದರು. ನನ್ನ ಕಾಲ ಬಳಿ ಕೋಲು ನೆಟ್ಟರು. ಕುರಿಗಳನ್ನು ಆಚೆ ಅಟ್ಟಿ ಬಂದು ಕುಕ್ಕರಗಾಲಲ್ಲಿ ಕೂತರು. ಕೋಲಿನ ಸುತ್ತ ಹುಲ್ಲನ್ನು ತಲೆಕೂದಲು ಬಿಡಿಸುವ ಹಾಗೆ ನಿಧಾನವಾಗಿ ಬಿಡಿಸುತ್ತಾ ಹೋದರು. ಸಿಕ್ಕಿತು! ಟವೆಲ್ಲಿನ ಒಣ ತುದಿಯಲ್ಲಿ ಒರೆಸಿ, ಊದಿ, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

ದುಡ್ಡು ಬೇಡವೆಂದರು. "ಮರಿದೊಂದು ಫೋಟೋ ಹೊಡಿ" ಎಂದಷ್ಟೇ ಕೇಳಿದರು. ಹೆಸರು ಕೇಳುವುದನ್ನು ಮರೆತೆ. ಅಜ್ಜ, ಮನೆಗೆ ಬಂದು ನೋಡಿದೆ, ಎಲ್ಲ ಫೋಟೋಗಳೂ ಹಾಗೇ ಇವೆ. ನಿಮ್ಮ ಮರಿಯ ಫೋಟೋ ಪ್ರಿಂಟ್ ಹಾಕಿಸಿದ್ದೇನೆ. ಬರುವ ಭಾನುವಾರ ಅದೇ ಬದುವಿಗೆ ತರುತ್ತೇನೆ.