ಎರಡು ಕಚೇರಿಗಳ ಜಾಲ ಜೋಡಣೆಯಲ್ಲಿನ ಭದ್ರತಾ ಲೋಪದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ನೆಟ್‌ವರ್ಕ್ ಅಳವಡಿಕೆ ಮತ್ತು ನಿರ್ವಹಣಾ ವಿಭಾಗ,
ಹುಬ್ಬಳ್ಳಿ

ವಿಷಯ: ಹುಬ್ಬಳ್ಳಿ ಮತ್ತು ಗದಗ ಕಚೇರಿಗಳ ನಡುವೆ ಕಡತ ಹಾಗೂ ಪ್ರಿಂಟರ್ ಹಂಚಿಕೆಗೆ ವಿಪಿಎನ್ (ಎರಡು ಜಾಲಗಳನ್ನು ಅಂತರ್ಜಾಲದ ಮೂಲಕವೇ ಹೊರಗಿನವರಿಗೆ ಕಾಣದಂತೆ ಜೋಡಿಸುವ ಸುರಕ್ಷಿತ ಮಾರ್ಗ) ಅಳವಡಿಸದೆ, ಪೋರ್ಟ್‌ಗಳನ್ನು (ಜಾಲದಲ್ಲಿ ಒಂದೊಂದು ಸೇವೆಗೆ ಇರುವ ಸಂಖ್ಯೆಯ ಬಾಗಿಲುಗಳು) ಅಂತರ್ಜಾಲಕ್ಕೆ ತೆರೆದಿಟ್ಟಿರುವ ಕುರಿತು.

ಮಾನ್ಯರೇ,

ನಮ್ಮ ಲೆಕ್ಕಪರಿಶೋಧನಾ ಸಂಸ್ಥೆಯ ಹುಬ್ಬಳ್ಳಿಯ ಮುಖ್ಯ ಕಚೇರಿ ಮತ್ತು ಗದಗದ ಶಾಖೆಯ ಜಾಲಗಳನ್ನು ವಿಪಿಎನ್ ಮೂಲಕ ಜೋಡಿಸಿ, ಹುಬ್ಬಳ್ಳಿಯ ಸರ್ವರ್‌ನಲ್ಲಿರುವ ಕಡತಗಳನ್ನು ಗದಗದವರು ತೆರೆಯುವಂತೆ, ಗದಗದ ಪ್ರಿಂಟರ್‌ಗೆ ಹುಬ್ಬಳ್ಳಿಯಿಂದಲೇ ಪ್ರಿಂಟ್ ಕೊಡುವಂತೆ ಮಾಡುವ ಕೆಲಸವನ್ನು ತಮಗೆ ವಹಿಸಿದ್ದೆವು. ಕೆಲಸ ಮುಗಿದಿದೆ ಎಂದು ತಮ್ಮ ತಂತ್ರಜ್ಞರು ಸಹಿ ಪಡೆದುಕೊಂಡು ಹೋದರು, ಬಿಲ್ಲಿನ ಪೂರ್ತಿ ಹಣವೂ ಸಂದಾಯವಾಯಿತು. ಆದರೆ ಬಿಲ್ಲಿನಲ್ಲಿ ನಮೂದಾಗಿರುವ ವಿಪಿಎನ್ ಎರಡೂ ಕಚೇರಿಗಳಲ್ಲಿ ಎಲ್ಲಿಯೂ ಇಲ್ಲ.

ಇದು ನಮಗೆ ತಿಳಿದದ್ದು ಗದಗದ ಪ್ರಿಂಟರ್‌ನಿಂದ. ಬೆಳಿಗ್ಗೆ ಕಚೇರಿ ತೆರೆದಾಗ ಅದರ ಟ್ರೇಯಲ್ಲಿ ನಾವು ಯಾರೂ ಕೊಡದ ಹಾಳೆಗಳು ಬಿದ್ದಿರುತ್ತಿದ್ದವು. ಕೆಲವದರ ಮೇಲ್ತುದಿಯಲ್ಲಿ ‘ಗೆಟ್’ ಎಂದು ಆರಂಭವಾಗಿ ‘ಎಚ್‌ಟಿಟಿಪಿ’ ಎಂಬ ಅಕ್ಷರಗಳಿರುವ ಒಂದೇ ಸಾಲು, ಉಳಿದ ಪುಟವೆಲ್ಲ ಖಾಲಿ. ಇನ್ನು ಕೆಲವದರಲ್ಲಿ ಅರ್ಥವಾಗದ ಚಿಹ್ನೆಗಳು. ತಮ್ಮ ಸಹಾಯವಾಣಿಗೆ ಕರೆ ಮಾಡಿದಾಗ ಡ್ರೈವರ್ ಕೆಟ್ಟಿರಬೇಕು, ತೆಗೆದು ಮತ್ತೆ ಹಾಕಿಕೊಳ್ಳಿ ಎಂದರು. ಹಾಗೆ ಮಾಡಿದ ಮೇಲೂ ಹಾಳೆಗಳು ಬರುವುದು ನಿಲ್ಲಲಿಲ್ಲ. ಅಂತರ್ಜಾಲದಲ್ಲಿ ತೆರೆದ ಪೋರ್ಟ್‌ಗಳನ್ನು ಹುಡುಕುತ್ತಲೇ ಇರುವ ತಂತ್ರಾಂಶಗಳು ಕಳಿಸುವ ಸಾಲುಗಳಿವು. 9100ನೇ ಪೋರ್ಟ್‌ಗೆ ಬಂದದ್ದನ್ನು ಪ್ರಿಂಟರ್ ಸಾಮಾನ್ಯವಾಗಿ ಯಾವ ಪಾಸ್‌ವರ್ಡ್ ಕೇಳದೆ ಮುದ್ರಿಸಿಬಿಡುತ್ತದೆ. 2018ರ ಕೊನೆಯಲ್ಲಿ ಇದೇ ಪೋರ್ಟ್ ತೆರೆದಿದ್ದ ಕಾರಣಕ್ಕೆ ಜಗತ್ತಿನ ಸಾವಿರಾರು ಪ್ರಿಂಟರ್‌ಗಳಲ್ಲಿ ಅಪರಿಚಿತರ ಪ್ರಚಾರದ ಹಾಳೆಗಳು ಹೊರಬಂದದ್ದು ತಮ್ಮ ವೃತ್ತಿಯವರಿಗೆ ತಿಳಿಯದ ವಿಷಯವಲ್ಲ.

ಆಮೇಲೆ ರೂಟರ್‌ಗಳ ಸೆಟ್ಟಿಂಗ್ ತೆರೆಸಿ ನೋಡಿದೆವು. ಎರಡರಲ್ಲಿಯೂ ವಿಪಿಎನ್ ಪುಟ ಖಾಲಿಯಾಗಿತ್ತು. ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ ಮಾತ್ರ ಗದಗದ ಪ್ರಿಂಟರ್‌ಗೆ 9100, ಹುಬ್ಬಳ್ಳಿಯ ಸರ್ವರ್‌ಗೆ ಕಡತ ಹಂಚಿಕೆಯ 445 ಮತ್ತು ರಿಮೋಟ್ ಡೆಸ್ಕ್‌ಟಾಪಿನ 3389, ಮೂರೂ ಯಾವ ಐಪಿ ವಿಳಾಸದಿಂದ ಬಂದರೂ ಒಳಬಿಡುವಂತೆ ಬರೆಯಲಾಗಿತ್ತು. ಹೊರಗಿನ ಬೇರೆ ಸಂಪರ್ಕದಿಂದ ಪರೀಕ್ಷಿಸಿದಾಗ ಮೂರೂ ಉತ್ತರಿಸಿದವು. ಹಂಚಿಕೆಯ ಫೋಲ್ಡರ್‌ಗೆ ‘ಎವೆರಿವನ್’ ಹೆಸರಿನಲ್ಲಿ ಪೂರ್ಣ ಅಧಿಕಾರ ಕೊಟ್ಟಿದ್ದು, ಎರಡೂ ಕಚೇರಿಯವರಿಗೆ ಒಂದೇ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇಟ್ಟಿದ್ದೀರಿ.

ನಮಗೆ ಎಲ್ಲಕ್ಕಿಂತ ಆತಂಕ ತಂದದ್ದು ಸರ್ವರ್‌ನಲ್ಲಿ ವಿಂಡೋಸ್‌ನ ಕಡತ ಹಂಚಿಕೆಯ ವಿಧಾನವಾದ ಎಸ್‌ಎಂಬಿಯ ಹಳೆಯ ಮೊದಲನೇ ಆವೃತ್ತಿಯನ್ನು ಚಾಲೂ ಮಾಡಿರುವುದು. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಆ ಆವೃತ್ತಿಯಲ್ಲಿದ್ದ ದೋಷದ ಮೂಲಕವೇ. ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚ್‌ನಲ್ಲಿಯೇ ಪರಿಹಾರ ಬಿಡುಗಡೆ ಮಾಡಿತ್ತು, ಅದೇ ವರ್ಷದ ಕೊನೆಯಿಂದ ವಿಂಡೋಸ್‌ನ ಹೊಸ ಅಳವಡಿಕೆಗಳಲ್ಲಿ ಆ ಆವೃತ್ತಿಯನ್ನು ತಾನಾಗಿ ಹಾಕುವುದನ್ನೂ ಕೈಬಿಡತೊಡಗಿತು. ಹಳೆಯ ಕಾಪಿಯರ್‌ನಿಂದ ಸ್ಕ್ಯಾನ್ ನೇರವಾಗಿ ಫೋಲ್ಡರ್‌ಗೆ ಬರಬೇಕಾದರೆ ಅದು ಬೇಕೇಬೇಕು ಎಂದು ತಮ್ಮ ತಂತ್ರಜ್ಞರು ಹೇಳಿದರು. ಕಾಪಿಯರ್‌ನ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ನವೀಕರಿಸಿ ನೋಡಬಹುದಿತ್ತು, ಇಲ್ಲವೇ ಸ್ಕ್ಯಾನ್‌ಗಳು ಇಮೇಲ್‌ಗೆ ಬರುವಂತೆ ಮಾಡಬಹುದಿತ್ತು. ಒಂದು ಯಂತ್ರದ ಅನುಕೂಲಕ್ಕಾಗಿ ಕಕ್ಷಿದಾರರ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ತಿ ತಖ್ತೆಗಳಿರುವ ಸರ್ವರ್ ಅನ್ನೇ ಅಪಾಯಕ್ಕೆ ಒಡ್ಡುವುದು ಯಾವ ರೀತಿಯಿಂದಲೂ ಒಪ್ಪತಕ್ಕದ್ದಲ್ಲ.

ವಿಪಿಎನ್ ಏಕೆ ಹಾಕಲಿಲ್ಲ ಎಂದು ಕೇಳಿದ್ದಕ್ಕೆ, ಎರಡೂ ಕಡೆ 192.168.1 ಸರಣಿಯ ವಿಳಾಸಗಳೇ ಇರುವುದರಿಂದ ಟನಲ್ (ವಿಪಿಎನ್‌ನ ಜೋಡಣೆ) ಆಗುವುದಿಲ್ಲ ಎಂಬ ಉತ್ತರ ಬಂತು. ವಿಳಾಸಗಳು ಒಂದೇ ಆದಾಗ ಮಾಹಿತಿಯ ಯಾವ ಪ್ಯಾಕೆಟ್ ಯಾವ ಊರಿಗೆ ಹೋಗಬೇಕೆಂದು ರೂಟರ್‌ಗೆ ತಿಳಿಯದು ಎಂಬುದು ನಿಜ. ಆದರೆ ಗದಗದ ಸರಣಿಯನ್ನು 192.168.20ಕ್ಕೆ ಬದಲಿಸಿದರೆ ಆ ತೊಡಕು ಮುಗಿಯುತ್ತದೆ. ಅಲ್ಲಿರುವುದು ಬೆರಳೆಣಿಕೆಯ ಕಂಪ್ಯೂಟರ್‌ಗಳು, ಒಂದು ಪ್ರಿಂಟರ್ ಮತ್ತು ಕಾಪಿಯರ್. ಎರಡೂ ಕಚೇರಿಗಳಿಗೆ ತಿಂಗಳ ಬಾಡಿಗೆ ಕೊಟ್ಟು ಸ್ಥಿರ ಐಪಿ ತೆಗೆದುಕೊಂಡದ್ದೂ, ವಿಪಿಎನ್ ಜೋಡಣೆಗೆ ಬಳಸುವ ಐಪಿಸೆಕ್ ಸೌಲಭ್ಯವಿರುವ ರೂಟರ್ ಕೊಂಡದ್ದೂ ತಮ್ಮ ಸಲಹೆಯಂತೆಯೇ. ಬೇಕಾದ ಸಲಕರಣೆಯೆಲ್ಲ ಕೈಯಲ್ಲಿದ್ದೂ ಕೆಲಸವನ್ನು ಅಡ್ಡದಾರಿಯಲ್ಲಿ ಮುಗಿಸಿದ್ದೀರಿ.

ನಮ್ಮ ವೃತ್ತಿಯಲ್ಲಿ ಗೋಪ್ಯತೆ ಕಾಯುವುದು ಕಾನೂನಿನ ಹೊಣೆ. ಕಕ್ಷಿದಾರರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ತಿಳಿಸುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ವೃತ್ತಿ ದುರ್ನಡತೆಯಾಗುತ್ತದೆ. ಹೀಗಾಗಿ ಆ ಮೂರೂ ಪೋರ್ಟ್‌ಗಳನ್ನು ನಾವೇ ಮುಚ್ಚಿಸಿದ್ದೇವೆ. ಪರಿಣಾಮವಾಗಿ ಹಂಚಿಕೆ ಸಂಪೂರ್ಣ ನಿಂತಿದ್ದು, ಸೆಪ್ಟೆಂಬರ್ 30ರ ತೆರಿಗೆ ಲೆಕ್ಕಪರಿಶೋಧನಾ ವರದಿಯ ಗಡುವು ಹತ್ತಿರ ಬರುತ್ತಿರುವಾಗ ಗದಗದ ಸಿಬ್ಬಂದಿ ಪೆನ್‌ಡ್ರೈವ್ ಹಿಡಿದು ಬಸ್ಸಿನಲ್ಲಿ ಓಡಾಡಬೇಕಾಗಿದೆ.

ಆದ್ದರಿಂದ ತಾವು ಅನುಭವಿ ಎಂಜಿನಿಯರ್ ಒಬ್ಬರನ್ನು ಕಳಿಸಿ, ಗದಗದ ವಿಳಾಸ ಸರಣಿ ಬದಲಿಸಿ, ಎರಡು ರೂಟರ್‌ಗಳ ನಡುವೆ ಐಪಿಸೆಕ್ ಟನಲ್ ಸ್ಥಾಪಿಸಿ, 445 ಮತ್ತು 9100ರ ಸಂಚಾರ ಆ ಟನಲ್ ಒಳಗೆ ಮಾತ್ರ ನಡೆಯುವಂತೆ ಮಾಡಬೇಕು. ಎಸ್‌ಎಂಬಿ ಮೊದಲನೇ ಆವೃತ್ತಿಯನ್ನು ತೆಗೆದು, ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಖಾತೆ ಮಾಡಿ, ಅವರ ಕೆಲಸಕ್ಕೆ ಬೇಕಾದ ಫೋಲ್ಡರ್‌ಗಳಿಗಷ್ಟೇ ಅನುಮತಿ ಕೊಡಬೇಕು. ರೂಟರ್‌ಗಳ ಆಡಳಿತ ಪಾಸ್‌ವರ್ಡ್ ನಮ್ಮ ವಶಕ್ಕೆ ಬರಬೇಕು. ಪೋರ್ಟ್‌ಗಳು ತೆರೆದಿದ್ದ ಅವಧಿಯ ಲಾಗ್‌ಗಳಲ್ಲಿ (ಯಾರು ಯಾವಾಗ ಸಂಪರ್ಕಿಸಿದರೆಂಬ ದಾಖಲೆಗಳು) ತಮ್ಮ ಬಳಿ ಇರುವುದನ್ನೆಲ್ಲ ಅಳಿಸದೆ ನಮಗೆ ಒಪ್ಪಿಸಬೇಕು. ಅನಧಿಕೃತ ಪ್ರವೇಶದಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿರುವುದರಿಂದ, ಸರ್ವರ್ ಒಳಗೆ ಯಾರಾದರೂ ಬಂದಿದ್ದರೇ ಎಂಬುದನ್ನು ತಿಳಿಯಲು ಈ ಲಾಗ್‌ಗಳು ನಮಗೆ ತೀರಾ ಅಗತ್ಯ.

ಈ ಕೆಲಸಕ್ಕೆ ಹೆಚ್ಚುವರಿ ಶುಲ್ಕ ಕೊಡಲಾಗುವುದಿಲ್ಲ. ಪತ್ರ ತಲುಪಿದ ಏಳು ದಿನಗಳೊಳಗೆ ಕೆಲಸ ಆರಂಭವಾಗದಿದ್ದರೆ ಅಳವಡಿಕೆಯ ಮೊತ್ತವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು; ವಾರ್ಷಿಕ ನಿರ್ವಹಣಾ ಒಪ್ಪಂದವನ್ನೂ ಅಂದಿನಿಂದಲೇ ರದ್ದುಗೊಳಿಸುತ್ತೇವೆ. ಬಿಲ್ಲಿನ ನಕಲು, ರೂಟರ್ ಪುಟಗಳ ಚಿತ್ರಗಳು ಮತ್ತು ಗದಗದ ಪ್ರಿಂಟರ್‌ನಿಂದ ಬಂದ ಹಾಳೆಗಳ ನಕಲುಗಳನ್ನು ಇದರೊಂದಿಗೆ ಲಗತ್ತಿಸಲಾಗಿದೆ.

ತಮ್ಮ ವಿಶ್ವಾಸಿ,
ಪಾಲುದಾರರು,
ಲೆಕ್ಕಪರಿಶೋಧನಾ ಸಂಸ್ಥೆ, ಹುಬ್ಬಳ್ಳಿ