ಥಂಡಿಯಲ್ಲಿ ಗುಡುಗು ಯಾಕಿಲ್ಲ ದೋಸ್ತ?

ಪ್ರೀತಿಯ ದೋಸ್ತ,

ದಿಲ್ಲಿಯಲ್ಲಿ ಜನವರಿ ಚಳಿಯಲ್ಲೇ ಗುಡುಗಿ ಮಳೆ ಬಂತು ಅಂತ ಬರೆದಿದ್ದೀಯ. 'ನಮ್ಮ ಕಡೆ ಥಂಡಿ ದಿನದಾಗ ಗುಡುಗಿದ್ದು ನೆನಪೇ ಇಲ್ಲ, ಯಾಕಲೇ?' ಅಂತ ಕೇಳಿದ್ದೀಯ. ಫೋನಿನಲ್ಲಿ ಮುಗಿಯುವ ಮಾತಲ್ಲ ಇದು. ಬೇರೆಯವರೂ ಓದಲಿ ಅಂತ ಇಲ್ಲೇ ಬರೆದು ಹಾಕುತ್ತಿದ್ದೇನೆ.

ಚಳಿ ಇರುತ್ತದೆ, ಅದಕ್ಕೇ ಗುಡುಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಯುರೋಪಿಗೆ, ಕೆನಡಾಕ್ಕೆ ಈ ಉತ್ತರ ಸರಿ. ನಮ್ಮೂರಿಗೆ ಅಷ್ಟು ಹೊಂದುವುದಿಲ್ಲ. ಡಿಸೆಂಬರ್ ಮಧ್ಯಾಹ್ನ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿಂತು ನೋಡು. 28-29 ಡಿಗ್ರಿ ಇರುತ್ತದೆ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಬಂದವನು ಅದನ್ನು ಸೊಂಟಕ್ಕೆ ಕಟ್ಟಿಕೊಂಡಿರುತ್ತಾನೆ. ಜುಲೈನಲ್ಲಿ ಧಾರವಾಡದ ಮಧ್ಯಾಹ್ನ ಅದಕ್ಕಿಂತ ತಂಪು. ಆದರೂ ಮಳೆ ಬರುವುದು ಜುಲೈನಲ್ಲಿ. ಹಾಗಾದರೆ ಬರೀ ಚಳಿಯ ಮೇಲೆ ತಪ್ಪು ಹೊರಿಸಿದರೆ ಹೇಗೆ?

ಮೊದಲು ಗುಡುಗಿನ ಮೋಡ ಎಂಥದ್ದು ಅಂತ ನೋಡು. ಅದು ಎತ್ತರದ ಮೋಡ. ಮೇ ತಿಂಗಳ ಸಂಜೆ ಗದಗದ ಕಪ್ಪತಗುಡ್ಡದ ಮೇಲೆ ಏಳುತ್ತದಲ್ಲ, ಅಂಥ ಮೋಡದ ತುದಿ 12-15 ಕಿಲೋಮೀಟರ್ ಎತ್ತರ ಮುಟ್ಟುವುದುಂಟು. ಅಷ್ಟು ಎತ್ತರ ಯಾಕೆ ಬೇಕು ಅಂದರೆ, ಮಿಂಚು ಹುಟ್ಟುವುದಕ್ಕೆ ಹಿಮ ಬೇಕು. ನಮ್ಮ ಬೇಸಿಗೆಯಲ್ಲಿ ಸೊನ್ನೆ ಡಿಗ್ರಿ ಸಿಗುವುದು ಸುಮಾರು 5 ಕಿಲೋಮೀಟರ್ ಮೇಲೆ. ಅದಕ್ಕೂ ಮೇಲೆ ಹೋದ ಮೋಡದಲ್ಲಿ ಹಿಮದ ಹರಳುಗಳೂ ಸಣ್ಣ ಹಿಮದುಂಡೆಗಳೂ ಒಂದಕ್ಕೊಂದು ಬಡಿಯುತ್ತವೆ. ಹಗುರಾದ ಹರಳು ಧನ ವಿದ್ಯುತ್ ಹೊತ್ತು ಮೇಲೇರುತ್ತದೆ. ಭಾರದ ಉಂಡೆ ಋಣ ವಿದ್ಯುತ್ ಹಿಡಿದು ಕೆಳಗೆ ಉಳಿಯುತ್ತದೆ. ಎರಡರ ನಡುವಿನ ಎಳೆತ ತಡೆಯಲಾರದಷ್ಟು ಆದಾಗ ಮಿಂಚು. ಅದು ಹಾದುಹೋದ ದಾರಿಯ ಗಾಳಿ ಒಂದೇ ಕ್ಷಣಕ್ಕೆ ಸುಮಾರು 30,000 ಡಿಗ್ರಿಗೆ ಕಾದು ಸಿಡಿಯುತ್ತದೆ, ಆ ಸದ್ದೇ ಗುಡುಗು. ಮೈ ಸುಡುವ ಏಪ್ರಿಲ್‌ನಲ್ಲಿ ಗುಡುಗಲಿಕ್ಕೂ ಹಿಮವೇ ಬೇಕು, ತಮಾಷೆ ಅಲ್ವಾ?

ಇನ್ನು ಗಾಳಿ ಅಷ್ಟು ಮೇಲೆ ಏರುವುದು ಹೇಗೆ? ಬಿಸಿಲಿಗೆ ನೆಲ ಕಾಯುತ್ತದೆ, ನೆಲದ ಹತ್ತಿರದ ಗಾಳಿ ಹಗುರಾಗಿ ಏಳುತ್ತದೆ. ಆದರೆ ಒಣ ಗಾಳಿ ಒಂದೊಂದು ಕಿಲೋಮೀಟರ್ ಏರಿದಂತೆ ಹತ್ತತ್ತು ಡಿಗ್ರಿ ತಣ್ಣಗಾಗುತ್ತದೆ. ಬೇಗ ಸುತ್ತಲಿನ ಗಾಳಿಯಷ್ಟೇ ತಂಪಾಗಿ ಅಲ್ಲೇ ನಿಲ್ಲುತ್ತದೆ. ಅದರಲ್ಲಿ ಆವಿ ತುಂಬಿದ್ದರೆ ಕಥೆ ಬೇರೆ. ಆವಿ ಹನಿಯಾಗುವಾಗ ತನ್ನೊಳಗಿನ ಶಾಖ ಬಿಡುತ್ತದೆ. ಗಾಳಿ ಸುತ್ತಲಿಗಿಂತ ಬೆಚ್ಚಗೇ ಉಳಿದು ಏರುತ್ತಲೇ ಹೋಗುತ್ತದೆ. ಅಂದರೆ ಬಿಸಿಲು ಶುರು ಮಾಡಿಕೊಟ್ಟ ಕೆಲಸವನ್ನು ಮುಗಿಸುವುದು ಆವಿ. 30 ಡಿಗ್ರಿಯ ಗಾಳಿ ಒಂದು ಘನ ಮೀಟರ್‌ಗೆ 30 ಗ್ರಾಂ ಆವಿ ಹಿಡಿಯಬಲ್ಲದು. 10 ಡಿಗ್ರಿಯ ಗಾಳಿಗೆ 9 ಗ್ರಾಂ ಆದರೆ ಜಾಸ್ತಿಯಾಯಿತು. ಚಳಿ ದೇಶಗಳ ಚಳಿಗಾಲ ಗುಡುಗದಿರಲು ಇದು ದೊಡ್ಡ ಕಾರಣ.

ನಮ್ಮದು ಹಾಗಲ್ಲ. ನಮ್ಮ ಮಧ್ಯಾಹ್ನದ ಗಾಳಿಗೆ ಆವಿ ಹಿಡಿಯುವ ಶಕ್ತಿ ಇದೆ, ಆದರೆ ಆವಿಯೇ ಇಲ್ಲ. ಡಿಸೆಂಬರ್-ಜನವರಿಯಲ್ಲಿ ಗಾಳಿ ಈಶಾನ್ಯದಿಂದ, ಪೂರ್ವದಿಂದ ಬಯಲುಸೀಮೆ ದಾಟಿಕೊಂಡು ಬರುತ್ತದೆ. ಒಣ ಗಾಳಿ. ತುಟಿ, ಹಿಮ್ಮಡಿ ಒಡೆಯುವುದು ಚಳಿಗಿಂತ ಈ ಒಣತನಕ್ಕೆ. ಹಾವೇರಿ ಕಡೆ ಕಣದ ತುಂಬ ಬ್ಯಾಡಗಿ ಮೆಣಸಿನಕಾಯಿ ಹರವಿ, ರಾತ್ರಿಯೂ ಹಾಗೇ ಬಿಟ್ಟು ಮಲಗುತ್ತಾರಲ್ಲ, ಅದು ಈ ಗಾಳಿಯ ಮೇಲಿನ ಧೈರ್ಯ.

ಒಂದಿಷ್ಟು ಗಾಳಿ ಮೇಲೆದ್ದರೂ ಇನ್ನೊಂದು ಅಡ್ಡಿ ಇದೆ. ಚಳಿಗಾಲದಲ್ಲಿ ಒಳನಾಡಿನ ಮೇಲೆ ಒತ್ತಡ ಹೆಚ್ಚಿರುತ್ತದೆ, ಮೇಲಿನ ಗಾಳಿ ನಿಧಾನವಾಗಿ ಕೆಳಗಿಳಿಯುತ್ತದೆ. ಇಳಿದ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಎತ್ತರ ಹೋದಂತೆ ತಂಪಾಗಬೇಕಾದ ಜಾಗದಲ್ಲಿ ಬೆಚ್ಚನೆಯ ಪದರ ಕೂತುಬಿಡುತ್ತದೆ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಬೆಳಗಿನ ಜಾವ ಒಲೆಯ ಹೊಗೆ ಮೇಲೆ ಹೋಗದೆ ಊರ ಮೇಲೆ ಉದ್ದಕ್ಕೆ ಮಲಗಿರುವುದನ್ನು ನೀನೂ ನೋಡಿದ್ದೀಯ. ಅದು ರಾತ್ರಿ ನೆಲ ತಣಿದು ಆಗುವ ಸಣ್ಣ ಮುಚ್ಚಳ, ಬಿಸಿಲೇರಿದರೆ ಹೋಗುತ್ತದೆ. ಮೇಲಿನ ದೊಡ್ಡದು ಮಧ್ಯಾಹ್ನಕ್ಕೂ ಸರಿಯುವುದಿಲ್ಲ.

ಏಪ್ರಿಲ್-ಮೇನಲ್ಲಿ ಎಲ್ಲ ತಿರುಗಾಮುರುಗಾ. ಅರಬ್ಬಿ ಸಮುದ್ರದ ಕಡೆಯ ಗಾಳಿಯೂ ಬಂಗಾಳ ಕೊಲ್ಲಿಯ ಕಡೆಯದೂ ನಮ್ಮ ಒಳನಾಡಿನ ಮೇಲೆ ಎದುರಾಗುತ್ತವೆ. ಹವಾಮಾನ ವರದಿಯಲ್ಲಿ 'ವಿದರ್ಭದಿಂದ ಕರ್ನಾಟಕದ ಒಳನಾಡಿನವರೆಗೆ ಕಡಿಮೆ ಒತ್ತಡದ ಪಟ್ಟಿ' ಅಂತ ಬರುತ್ತದಲ್ಲ, ಅದೇ ಇದು. ಕೆಳಗೆ ಎರೆ ನೆಲ ಕಾದಿರುತ್ತದೆ. ಬೆವರು ಆರುವುದಿಲ್ಲ. ಮೂರರ ಮೇಲೆ ಮೋಡ ಕಟ್ಟಿ, ಧೂಳೆದ್ದು, ಸಂಜೆಗೆ ಅಡ್ಡಮಳೆ. 'ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ' ಅನ್ನುವುದು ಸುಮ್ನೆ ಅಲ್ಲ.

ಅಕ್ಟೋಬರ್‌ನಲ್ಲೂ ಸ್ವಲ್ಪ ಹೀಗೇ. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಲು ಹೋದವರು ಸಂಜೆ ಮೋಡ ನೋಡಿ ಬೇಗ ಮನೆಗೆ ಹೊರಡುತ್ತಾರೆ. ಥಂಡಿ ದಿನದ ಎಳ್ಳಮಾವಾಸ್ಯೆಗೆ ಹೋದವರು ಆಕಾಶದ ಕಡೆ ನೋಡುವುದೇ ಇಲ್ಲ. ಇನ್ನು ಜುಲೈ ಮಳೆ ವಾರಗಟ್ಟಲೆ ಜಿಟಿಜಿಟಿ ಅನ್ನುತ್ತದೆ, ಗುಡುಗುವುದು ಮಾತ್ರ ಕಡಿಮೆ. ಆಗ ಆವಿಗೆ ಬರವಿಲ್ಲ, ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಮೋಡ ಹಿಮದ ಎತ್ತರ ಮುಟ್ಟುವುದು ಅಪರೂಪ.

ಈಗ ನಿನ್ನ ದಿಲ್ಲಿ. ಅಲ್ಲಿಗೆ ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ 'ಪಶ್ಚಿಮದ ಅಡಚಣೆ' ಅನ್ನುವ ಮಳೆ ತರುವ ಗಾಳಿಯ ಸುಳಿಗಳು ಬರುತ್ತವೆ. ಮೇಲೆ ತೀರಾ ತಣ್ಣನೆಯ ಗಾಳಿ ತರುತ್ತವೆ, ಕೆಳಗೆ ಅರಬ್ಬಿ ಸಮುದ್ರದ ತೇವ ಎಳೆಯುತ್ತವೆ. ಮೇಲೆ-ಕೆಳಗಿನ ಅಂತರ ದೊಡ್ಡದಾದರೆ ಸಾಕು, ನೆಲದ ಮೇಲೆ ಚಳಿಯಿದ್ದರೂ ಗುಡುಗುತ್ತದೆ. ಜಪಾನಿನ ಪಶ್ಚಿಮ ಕರಾವಳಿಯಲ್ಲಂತೂ ಸೈಬೀರಿಯಾದ ಗಾಳಿ ಬೆಚ್ಚನೆಯ ಸಮುದ್ರ ದಾಟಿ ಬಂದು ಹಿಮ ಸುರಿಯುವಾಗಲೇ ಸಿಡಿಲು ಬೀಳುತ್ತದೆ. ದಿಲ್ಲಿಗೆ ಬರುವ ಅಡಚಣೆ ಧಾರವಾಡದವರೆಗೆ ಇಳಿಯುವುದು ತೀರಾ ಕಡಿಮೆ. ಇಳಿಯದಿರುವುದೇ ಒಳ್ಳೆಯದು. 2014ರ ಫೆಬ್ರವರಿ ಕೊನೆಗೆ, ಮಾರ್ಚ್‌ನಲ್ಲಿ ಮಹಾರಾಷ್ಟ್ರದಲ್ಲಿ ಆಲಿಕಲ್ಲು ಮಳೆ ಬಿದ್ದು ನಿಂತ ಬೆಳೆ ಹಾಳಾಯಿತು. ನಮ್ಮ ಕಡಲೆ, ಬಿಳಿಜೋಳಕ್ಕೆ ಆ ಗತಿ ಬೇಡ. ಅವಕ್ಕೆ ಎರೆಯ ತೇವವೂ ಇಬ್ಬನಿಯೂ ಸಾಕು.

ಇನ್ನೊಂದು ಕೆಲಸದ ಮಾತು. ಕಾಕಾ ಏಪ್ರಿಲ್‌ನಲ್ಲೂ ಅಣ್ಣಿಗೇರಿ ಹೊಲಕ್ಕೆ ಹೋಗುವುದು ಬಿಡುವವರಲ್ಲ. ಅವರ ಫೋನಿಗೆ ದಾಮಿನಿ ಆಪ್ ಹಾಕಿಕೊಡು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯದು, ಹತ್ತಿರದಲ್ಲಿ ಸಿಡಿಲಿನ ಅಪಾಯವಿದ್ದರೆ ಎಚ್ಚರಿಸುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ 3 ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ ಅಂತ ಲೆಕ್ಕ. 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಗಳೆ ಬಿಟ್ಟು ಗಟ್ಟಿ ಮನೆಯೊಳಗೆ ಸೇರಬೇಕು. ಆ ಬೇವಿನ ಗಿಡದ ಬುಡಕ್ಕೆ ಮಾತ್ರ ಹೋಗಬಾರದು. ನಾನು ಹೇಳಿದರೆ ನಗುತ್ತಾರೆ, ನೀನೇ ಹೇಳು.

ನಿನ್ನ ದೋಸ್ತ,
ಧಾರವಾಡ